ಮೀನು ಬದುಕಿದ್ದರೆ ಸಾಕೇ?

ಪ್ರಶ್ನೆ: ಔಷಧ ಕಾರ್ಖಾನೆಗಳ ತ್ಯಾಜ್ಯನೀರು ಜೀವಿಗಳ ವಂಶವಾಹಿಗಳನ್ನೇ ಕೆಡಿಸುತ್ತದಂತೆ, ನಿಜವೇ? ಕಣ್ಣಿಗೆ ಕಾಣದ ಈ ಹಾನಿಯನ್ನು ಪತ್ತೆ ಮಾಡುವುದು ಹೇಗೆ? ಅಂಥ ನೀರಿನ ಮೀನು ತಿಂದರೆ ನಮಗೂ ತಗಲುತ್ತದೆಯೇ?

ಉತ್ತರ: ನಿಜ. ಪತ್ತೆ ಮಾಡಲು ಒಂದು ಈರುಳ್ಳಿ, ಒಂದು ಸೂಕ್ಷ್ಮದರ್ಶಕ ಇದ್ದರೂ ಆದೀತು. ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಲೆವಾನ್ 1938ರಲ್ಲೇ ತೋರಿಸಿಕೊಟ್ಟ ದಾರಿಯಿದು. ಗಡ್ಡೆಯ ಬುಡ ನೀರಿಗೆ ತಾಗುವಂತೆ ಇಟ್ಟರೆ ಕೆಲವೇ ದಿನಗಳಲ್ಲಿ ಬೇರು ಬಿಡುತ್ತದೆ. ಬೇರಿನ ತುದಿಗೆ ಬಣ್ಣ ಕೊಟ್ಟು, ಗಾಜಿನ ಮೇಲೆ ಅದುಮಿ ನೋಡಬೇಕು. ಈರುಳ್ಳಿಯ ಕೋಶದಲ್ಲಿ ವಂಶವಾಹಿಗಳನ್ನು ಹೊತ್ತ 16 ವರ್ಣತಂತುಗಳಿರುತ್ತವೆ. ಕೋಶ ಎರಡಾಗಿ ಒಡೆಯುವಾಗ ಅವುಗಳ ಪ್ರತಿಗಳು ಎರಡು ಕಡೆಗೂ ಸಮನಾಗಿ ಹೋಗಬೇಕು. ವಿಷದ ನೀರಿನಲ್ಲಿ ಬೆಳೆದ ಬೇರಿನಲ್ಲಾದರೆ ಕೆಲವು ತುಂಡಾಗಿ ನಡುವೆಯೇ ಉಳಿದಿರುತ್ತವೆ, ಕೆಲವು ಎರಡೂ ಕಡೆಗೆ ಸಿಕ್ಕಿಕೊಂಡು ಸೇತುವೆಯಂತೆ ಚಾಚಿಕೊಂಡಿರುತ್ತವೆ. ಹಿಂದುಳಿದ ತುಂಡು ಮರಿಕೋಶದಲ್ಲಿ ಬಿಡಿ ಚುಕ್ಕಿಯಾಗಿ ಕಾಣುತ್ತದೆ, ಅದೇ ಮೈಕ್ರೋನ್ಯೂಕ್ಲಿಯಸ್. ಮೀನಿನ ಕೆಂಪು ರಕ್ತಕಣದಲ್ಲಿ ನಮ್ಮದರಂತಲ್ಲದೆ ಕೋಶಕೇಂದ್ರ ಇರುವುದರಿಂದ ಒಂದು ಹನಿ ರಕ್ತದಲ್ಲೂ ಈ ಚುಕ್ಕಿಗಳನ್ನು ಎಣಿಸಬಹುದು.

ಕಾರಣ ಒಂದೇ ಅಲ್ಲ. ದ್ರಾವಕಗಳು, ಕ್ರೋಮಿಯಂನಂಥ ಭಾರಲೋಹಗಳು, ಔಷಧದ ಉಳಿಕೆಗಳು ಎಲ್ಲವೂ ಸೇರಿರುತ್ತವೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ನೀರನ್ನು ಶುದ್ಧೀಕರಿಸುತ್ತಿದ್ದ ಘಟಕದ ಹೊರನೀರನ್ನು ಸಂಶೋಧಕ ಯೋಆಕಿಮ್ ಲಾರ್ಸನ್ ತಂಡ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿತು. ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಪ್ರತಿಜೀವಕ! ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ. ಶುದ್ಧೀಕರಿಸಿದ ಮೇಲಿನ ಲೆಕ್ಕ ಇದು ಎಂಬುದೇ ಗಾಬರಿ ಹುಟ್ಟಿಸುವ ಸಂಗತಿ.

ಮೀನಿನ ಕೆಟ್ಟ ವಂಶವಾಹಿ ಊಟದ ಮೂಲಕ ನಮಗೆ ದಾಟುವುದಿಲ್ಲ. ಹೊಟ್ಟೆಯಲ್ಲಿ ಅದು ಜೀರ್ಣವಾಗುತ್ತದೆ. ಭಯ ಇರುವುದು ಮೀನಿನ ಮೈಯಲ್ಲಿ ಸೇರಿಕೊಂಡ ಲೋಹ, ರಾಸಾಯನಿಕಗಳದ್ದು. ಮೀನಿನ ಮಟ್ಟಿಗೂ ಅಷ್ಟೆ: ರಕ್ತದ ಕೋಶಕ್ಕಾದ ಪೆಟ್ಟು ಆ ಮೀನಿನೊಂದಿಗೇ ಮುಗಿಯುತ್ತದೆ, ಅಂಡಾಣು ವೀರ್ಯಾಣುಗಳಿಗೆ ಬಿದ್ದ ಪೆಟ್ಟು ಮಾತ್ರ ಮರಿಗಳಿಗೆ ಹೋಗಬಲ್ಲದು.

ಜೀವಿಗಳಿಗಾಗುವ ಹಾನಿಯ ಬಗ್ಗೆ ನಮ್ಮ ದೇಶದ ನಿಯಮ ಕೇಳುವುದು ಇಷ್ಟು: ಕಾರ್ಖಾನೆಯ ಹೊರನೀರಿನಲ್ಲಿ ಬಿಟ್ಟ ಮೀನುಗಳಲ್ಲಿ 96 ಗಂಟೆಗಳ ನಂತರ ಶೇಕಡ 90ರಷ್ಟು ಬದುಕಿರಬೇಕು. ವರ್ಣತಂತು ತುಂಡಾದ ಮೀನೂ ನಾಲ್ಕು ದಿನ ಈಜಾಡಿಕೊಂಡೇ ಇರುತ್ತದೆ, ಪರೀಕ್ಷೆಯಲ್ಲಿ ಪಾಸೂ ಆಗುತ್ತದೆ. ಆ ಬದುಕಿದ ಮೀನಿನ ಒಂದು ಹನಿ ರಕ್ತವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ಕಡ್ಡಾಯ ಮಾಡಬೇಕು. ದುಬಾರಿ ಯಂತ್ರವೇನೂ ಬೇಡದ ಈ ಪರೀಕ್ಷೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗಳು ಇನ್ನು ತಡಮಾಡದೆ ಕೈಗೆತ್ತಿಕೊಳ್ಳಲಿ.