ಸಂದರ್ಶನದಲ್ಲಿ ನ್ಯೂನತೆಯ ಪ್ರಶ್ನೆ: ಕೇಳುವವರಿಗೂ ಉತ್ತರಿಸುವವರಿಗೂ ಕೆಲವು ವಿಚಾರಗಳು

ಅಂತೂರ ಬೆಂತೂರದಂತಹ ಊರಿನಿಂದ ಬಿ.ಕಾಂ. ಮುಗಿಸಿದ ತರುಣನೊಬ್ಬ ಗದಗ-ಬೆಟಗೇರಿಯ ದಲಾಲಿ ಅಂಗಡಿಗೋ ಜಿನ್ನಿಂಗ್ ಕಾರ್ಖಾನೆಗೋ ಕೆಲಸ ಕೇಳಿಕೊಂಡು ಬಂದನೆಂದು ಇಟ್ಟುಕೊಳ್ಳೋಣ. ಅಂಕಪಟ್ಟಿ ನೋಡಿಯಾಯಿತು, ಊರು-ಮನೆತನ ವಿಚಾರಿಸಿಯಾಯಿತು. ಆಮೇಲೆ ಮಾಲೀಕರು ಕೇಳುತ್ತಾರೆ: "ನಿನ್ನೊಳಗ ಏನು ಕೊರತಿ ಐತಿ, ಹೇಳು ನೋಡೋಣು." ತರುಣ ಕ್ಷಣಕಾಲ ತಡವರಿಸಿ, ಯಾವುದೋ ಮಾರ್ಗದರ್ಶಿ ಪುಸ್ತಕದಲ್ಲಿ ಓದಿದ್ದನ್ನು ಒಪ್ಪಿಸುತ್ತಾನೆ: "ಕೆಲಸ ಹಿಡದ್ರ ಊಟದ ಖಬರ ಇರೂದಿಲ್ರೀ ಸಾವ್ಕಾರ, ಅದ ನನ್ನ ದೌರ್ಬಲ್ಯ." ಮಾಲೀಕರು ನಗುತ್ತಾರೆ. ಕೇಳಿದವರಿಗೆ ಹೊಸದೇನೂ ತಿಳಿಯಲಿಲ್ಲ. ಹೇಳಿದವನ ಮೇಲೆ ವಿಶ್ವಾಸವೂ ಹುಟ್ಟಲಿಲ್ಲ.

ದೊಡ್ಡ ಕಂಪನಿಗಳಲ್ಲಿ ಒಬ್ಬನ ಕೊರತೆಯನ್ನು ಹತ್ತು ಜನ ಹಂಚಿಕೊಂಡು ತುಂಬುತ್ತಾರೆ. ಮೂರು-ನಾಲ್ಕು ನೌಕರರ ಅಂಗಡಿಯಲ್ಲಿ ಆ ಅನುಕೂಲವಿಲ್ಲ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಮೇಲಂತೂ ಗುಮಾಸ್ತನ ಕೈತಪ್ಪು ಅಂಗಡಿಯ ಕಿರ್ದಿಯೊಳಗೇ ಉಳಿಯುವುದಿಲ್ಲ. ಮಾರಾಟದ ಬಿಲ್ಲಿನಲ್ಲಿ ಖರೀದಿದಾರನ 15 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆಯ ಬದಲಿಗೆ ಬೇರೊಂದು ಪಾರ್ಟಿಯ ಸಂಖ್ಯೆ ನಮೂದಾದರೆ, ನಿಜವಾದ ಖರೀದಿದಾರನಿಗೆ ಸಿಗಬೇಕಾದ ತೆರಿಗೆ ಜಮೆ ಅವನ ಖಾತೆಯಲ್ಲಿ ಕಾಣಿಸುವುದಿಲ್ಲ. ಸಂಖ್ಯೆಯ ಕೊನೆಯ ಅಕ್ಷರವು ಟೈಪಿನ ತಪ್ಪನ್ನು ಹಿಡಿಯಲೆಂದೇ ಇರುವುದು ನಿಜ. ಆದರೆ ಸರಿಯಾಗಿಯೇ ಇರುವ ಇನ್ನೊಬ್ಬರ ಸಂಖ್ಯೆಯನ್ನು ಅದು ತಡೆಯಲಾರದು. ಅವಸರದಲ್ಲಿ ತಪ್ಪು ಮಾಡುವ ಸ್ವಭಾವವನ್ನು ಸಂದರ್ಶನದಲ್ಲಿ ಮುಚ್ಚಿಟ್ಟವನಿಂದ ಆಗುವ ಹಾನಿ ಇಂಥದ್ದು. ಆದುದರಿಂದ ಈ ಪ್ರಶ್ನೆ ಕೇಳುವುದು ತಪ್ಪಲ್ಲ. ಕೇಳುವ ರೀತಿಯೂ ಉತ್ತರಿಸುವ ರೀತಿಯೂ ಸುಧಾರಿಸಬೇಕಾಗಿದೆ.

ಉತ್ತರಿಸುವವನ ಹೊಣೆ

ಮಾಲೀಕರು ಈ ಪ್ರಶ್ನೆಯಿಂದ ಅರಿಯಬಯಸುವುದು ಎರಡು ಸಂಗತಿಗಳನ್ನು. ತನ್ನ ಕೆಲಸದ ಬಗ್ಗೆ ಅಭ್ಯರ್ಥಿಗೆ ಸರಿಯಾದ ಅಂದಾಜು ಇದೆಯೇ? ಮುಂದೆ ತಪ್ಪು ಮಾಡಿದಾಗ ಅದನ್ನು ಮರೆಮಾಚದೆ ಬಂದು ಹೇಳುತ್ತಾನೆಯೇ? ಗುಣವನ್ನೇ ದೋಷವೆಂದು ಬಣ್ಣಿಸುವ ಉತ್ತರದಿಂದ ಎರಡಕ್ಕೂ ಸಮಾಧಾನ ದೊರೆಯದು. ಹಾಗೆಂದು ಮನಸ್ಸಿನಲ್ಲಿರುವುದನ್ನೆಲ್ಲ ತೋಡಿಕೊಳ್ಳುವುದೂ ಜಾಣತನವಲ್ಲ. ನಗದು ಎಣಿಸುವ ಕೆಲಸಕ್ಕೆ ಬಂದವನು ತನಗೆ ಲೆಕ್ಕವೆಂದರೆ ಭಯವೆಂದರೆ ಮಾತು ಅಲ್ಲಿಗೇ ಮುಗಿಯಿತು. ಆ ಕೆಲಸ ಅವನಿಗೆ ಹೊಂದುವುದೂ ಇಲ್ಲ.

ಕೆಲಸಕ್ಕೆ ಸಂಬಂಧಪಟ್ಟ, ಆದರೆ ಕೆಲಸವನ್ನೇ ಕೆಡಿಸದ ಒಂದು ನಿಜವಾದ ಕೊರತೆಯನ್ನು ಹೇಳಿ, ಅದನ್ನು ತುಂಬಿಕೊಳ್ಳಲು ಈಗಾಗಲೇ ಏನು ಮಾಡುತ್ತಿದ್ದೇನೆಂಬುದನ್ನು ತಿಳಿಸುವುದು ಯೋಗ್ಯ ಮಾರ್ಗ. ಮೇಲಿನ ತರುಣನೇ ಹೀಗೆ ಹೇಳಬಹುದಿತ್ತು: "ಜಿ.ಎಸ್.ಟಿ. ಕಾಲೇಜಿನ್ಯಾಗ ಓದೀನ್ರಿ, ಖರೇ ಅಂಗಡಿ ಲೆಕ್ಕ ಇನ್ನೂ ಮಾಡಿಲ್ರಿ. ಎರಡು ತಿಂಗಳಿಂದ ನಮ್ಮ ಮಾಮಾರ ಗೊಬ್ಬರದ ಅಂಗಡಿ ಬಿಲ್ಲು ಟ್ಯಾಲಿಯೊಳಗ ಹಾಕಿ ಕಲಿಯಾಕತ್ತೀನಿ. ಮೊದಲ ತಿಂಗಳ ನನ್ನ ಲೆಕ್ಕ ಯಾರರ ಒಮ್ಮೆ ನೋಡಬೇಕಾಗತದ್ರಿ." ಈ ಮಾತಿನ ಕೊನೆಯ ವಾಕ್ಯಕ್ಕೆ ಬೆಲೆ ಹೆಚ್ಚು. ತಿಂಗಳ ಮಾರಾಟದ ವಿವರವನ್ನು ಮುಂದಿನ ತಿಂಗಳ 11ರೊಳಗೆ ಸಲ್ಲಿಸಬೇಕಾದ ಮಾಲೀಕರು, 8 ಅಥವಾ 9ರಂದು ಒಮ್ಮೆ ಕಣ್ಣಾಡಿಸಿದರೆ ಸಾಕೆಂದು ಅಲ್ಲೇ ನಿಶ್ಚಯಿಸಿಕೊಳ್ಳಬಹುದು. ಕೊರತೆ ಗೊತ್ತಿದ್ದರೆ ಅದಕ್ಕೆ ವ್ಯವಸ್ಥೆ ಮಾಡಿಕೊಳ್ಳಲು ಬರುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷಿನ ಅಳುಕು ಸಾಮಾನ್ಯ. ಇದನ್ನು ಅಪರಾಧದಂತೆ ಒಪ್ಪಿಕೊಳ್ಳುವ ಕಾರಣವಿಲ್ಲ. ಇಂಗ್ಲಿಷ್ ಪತ್ರ ಓದಿ ಅರ್ಥಮಾಡಿಕೊಳ್ಳಬಲ್ಲೆ, ಬರೆಯಲು ತಡವಾಗುತ್ತದೆ, ಫೋನಿನಲ್ಲಿ ಮಾತನಾಡಲು ಇನ್ನೂ ಧೈರ್ಯ ಸಾಲದು ಎಂದು ಬಿಡಿಸಿ ಹೇಳಿದರೆ, "ಇಂಗ್ಲಿಷ್ ಬರುವುದಿಲ್ಲ" ಎಂಬ ಒಂದೇ ಮಾತಿಗಿಂತ ಅದು ಹೆಚ್ಚು ಸತ್ಯ, ಹೆಚ್ಚು ಉಪಯುಕ್ತ. ನಡುವೆ ಎರಡು ವರ್ಷ ಕೆಲಸವಿಲ್ಲದೆ ಇದ್ದದ್ದಕ್ಕೂ ಇದೇ ಕ್ರಮ: ಹೊಲದ ಕೆಲಸ ನೋಡಿಕೊಂಡಿದ್ದರೆ ಹಾಗೆಂದೇ ಹೇಳಬೇಕು.

ಕೊರತೆಯಲ್ಲದ ಕೊರತೆ

ಕೆಲವೊಮ್ಮೆ ಅಭ್ಯರ್ಥಿಯಲ್ಲಿ ಇಲ್ಲದ ಕೊರತೆಯನ್ನು ಕೇಳುವವರೇ ಹೊರಿಸುತ್ತಾರೆ. ಇದಕ್ಕೆ ಈ ಭಾಗದವರಿಗೆ ಪರಿಚಿತವಾದ ನಿದರ್ಶನವೆಂದರೆ ಸುಧಾ ಮೂರ್ತಿಯವರದು. ನೆರೆಯ ಹಾವೇರಿ ಜಿಲ್ಲೆಯ ಶಿಗ್ಗಾಂವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ ಅವರು, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಟೆಲ್ಕೊ ಕಂಪನಿಯ ಜಾಹೀರಾತನ್ನು ಕಂಡರು. ಮಹಿಳೆಯರು ಅರ್ಜಿ ಹಾಕುವ ಅಗತ್ಯವಿಲ್ಲವೆಂದು ಅದರ ಕೊನೆಯಲ್ಲಿ ಅಚ್ಚಾಗಿತ್ತು. ಅವರು ಜೆ.ಆರ್.ಡಿ. ಟಾಟಾ ಅವರಿಗೆ ಅಂಚೆ ಕಾರ್ಡು ಬರೆದು ಆಕ್ಷೇಪಿಸಿದರು. ಸಂದರ್ಶನಕ್ಕೆ ಪುಣೆಗೆ ಬರುವಂತೆ ತಂತಿ ಬಂತು.

ತಾಂತ್ರಿಕ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಸಮಿತಿಯ ಹಿರಿಯರೊಬ್ಬರು, ಕಾರ್ಖಾನೆಯ ಯಂತ್ರಗಳ ನಡುವೆ ಮಹಿಳೆಯರನ್ನು ಈವರೆಗೆ ನೇಮಿಸಿಲ್ಲವೆಂದೂ ಅವರಂತಹ ಪ್ರತಿಭಾವಂತೆ ಸಂಶೋಧನಾಲಯದಲ್ಲಿ ಇರುವುದು ಒಳಿತೆಂದೂ ಸೌಮ್ಯವಾಗಿ ಹೇಳಿದರೆಂದು ಸುಧಾ ಮೂರ್ತಿಯವರು ಬರೆದುಕೊಂಡಿದ್ದಾರೆ. ಎಲ್ಲಿಯಾದರೂ ಒಂದೆಡೆ ಆರಂಭವಾಗಲೇಬೇಕು, ಇಲ್ಲವಾದರೆ ಯಾವ ಮಹಿಳೆಯೂ ಎಂದಿಗೂ ಆ ಕೆಲಸಕ್ಕೆ ಬರಲಾರಳು ಎಂಬುದು ಅವರ ಉತ್ತರದ ಸಾರ. ಕೆಲಸ ದೊರೆಯಿತು. ಉತ್ತರದ ಬಗೆಯನ್ನು ಗಮನಿಸಬೇಕು: ಅವರು ಕ್ಷಮೆ ಕೇಳಲಿಲ್ಲ, ಹೆಣ್ಣಾಗಿರುವುದನ್ನು ಕೊರತೆಯೆಂದು ಒಪ್ಪಲೂ ಇಲ್ಲ, ಅಡ್ಡಿ ಇರುವುದು ಕಂಪನಿಯ ರೂಢಿಯಲ್ಲಿ ಎಂಬುದನ್ನು ವಿನಯದಿಂದಲೇ ತೋರಿಸಿಕೊಟ್ಟರು. ತಾಂತ್ರಿಕ ಪ್ರಶ್ನೆಗಳಿಗೆ ಮೊದಲೇ ಸಮರ್ಪಕ ಉತ್ತರ ಕೊಟ್ಟಿದ್ದರಿಂದ ಆ ಮಾತಿಗೆ ತೂಕ ಬಂದಿತೆಂಬುದೂ ಅಷ್ಟೇ ನಿಜ. ನೇಮಕಾತಿಯಲ್ಲಿ ಮಹಿಳೆಯರ ವಿರುದ್ಧ ಭೇದ ಎಣಿಸಬಾರದೆಂಬ ಸಮಾನ ವೇತನ ಕಾಯ್ದೆ ಬಂದದ್ದು ಅದಾದ ಎರಡು ವರ್ಷಕ್ಕೆ, 1976ರಲ್ಲಿ. ಅದೇ ತತ್ವ 2019ರ ವೇತನ ಸಂಹಿತೆಯಲ್ಲಿಯೂ ಸೇರಿದೆ. "ಮದುವೆಯಾದರೆ ಕೆಲಸ ಬಿಡುತ್ತೀಯಾ?" ಎಂದು ಹೆಣ್ಣುಮಕ್ಕಳನ್ನು ಮಾತ್ರ ಕೇಳುವ ಮಾಲೀಕರು ಇದನ್ನು ನೆನಪಿಡುವುದು ಕ್ಷೇಮ.

ಕೇಳುವವರ ಹೊಣೆ

ಊರು-ಮನೆತನದ ವಿಚಾರಣೆಯೇ ಸಂದರ್ಶನವಾಗುವುದು ಹಳೆಯ ಚಾಳಿ. 1981ರ ಅಜಯ್ ಹಾಸಿಯಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ದೂರು ಇಂಥದ್ದೇ: ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ಪ್ರವೇಶಕ್ಕೆ ಎರಡು-ಮೂರು ನಿಮಿಷ ಮಾತಾಡಿಸಿ, ತಂದೆ ಯಾರು, ಮನೆ ಎಲ್ಲಿ ಎಂದು ಕೇಳಿ ಅಂಕ ಕೊಟ್ಟಿದ್ದರು. ಮೌಖಿಕ ಪರೀಕ್ಷೆಗೆ ನೂರಕ್ಕೆ 15ಕ್ಕಿಂತ ಹೆಚ್ಚು ಅಂಕ ಮೀಸಲಿಡುವುದು ಸ್ವೇಚ್ಛೆಯ ಕ್ರಮವೆಂದು ನ್ಯಾಯಾಲಯ ಹೇಳಿತು. ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಖಾಸಗಿ ಅಂಗಡಿಗೆ ಇವು ಕಟ್ಟಳೆಗಳಲ್ಲ. ಆದರೂ ಎರಡು ನಿಮಿಷದ ಮಾತಿನಿಂದ ಮನುಷ್ಯನನ್ನು ಅಳೆಯುವುದು ಎಷ್ಟು ಅಭದ್ರವೆಂಬ ಎಚ್ಚರಿಕೆ ಅವುಗಳಲ್ಲಿದೆ.

ಅಮೆರಿಕದ ಮನೋವಿಜ್ಞಾನಿಗಳಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಮನಬಂದಂತೆ ಮಾತಾಡಿಸುವ ಸಂದರ್ಶನಕ್ಕಿಂತ ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿ ಕೇಳುವ ಸಂದರ್ಶನ ಹೆಚ್ಚು ನಂಬಲರ್ಹವೆಂದು ಕಂಡುಬಂತು. ಕೆಲಸದ ಒಂದು ತುಣುಕನ್ನು ಮಾಡಿಸಿ ನೋಡುವುದೂ ಅಷ್ಟೇ ನಂಬಲರ್ಹವೆಂದು ಅವರು ಕಂಡರು. ಹಾಗಾದರೆ "ನಿನ್ನ ದೌರ್ಬಲ್ಯವೇನು?" ಎಂದು ಗಾಳಿಗೆ ಕೇಳುವ ಬದಲು, "ಹಿಂದಿನ ಕೆಲಸದಲ್ಲಿ ನಿನ್ನಿಂದಾದ ಒಂದು ತಪ್ಪನ್ನು ಹೇಳು. ಯಾರು ಗುರುತಿಸಿದರು, ನೀನು ಏನು ಮಾಡಿದೆ?" ಎಂದು ಬಂದವರಿಗೆಲ್ಲ ಕೇಳಬಹುದು. ಕಂಠಪಾಠದ ಉತ್ತರ ಇಲ್ಲಿ ನಡೆಯದು. ಸತ್ಯ ಹೇಳಿದವನಿಗೆ ಅದಕ್ಕಾಗಿಯೇ ಕೆಲಸ ನಿರಾಕರಿಸಿದರೆ, ಆ ಸುದ್ದಿ ಊರಿಗೆ ಹೋಗುವ ಬಸ್ಸಿಗಿಂತ ಮೊದಲೇ ತಲುಪುತ್ತದೆ. ಮುಂದೆ ಬರುವವರೆಲ್ಲ ಊಟ ಮರೆತು ದುಡಿಯುವವರೇ ಆಗಿರುತ್ತಾರೆ.

ಲೆಕ್ಕದ ಕೆಲಸಕ್ಕಾದರೆ ಹಳೆಯ ಹತ್ತು ಬಿಲ್ಲುಗಳ ನಕಲು ತೆಗೆದು, ಎರಡರಲ್ಲಿ ಬೇಕೆಂದೇ ಪಾರ್ಟಿಯ ಸಂಖ್ಯೆ ಅದಲುಬದಲು ಮಾಡಿ, ಒಂದು ಗಂಟೆ ಟ್ಯಾಲಿಯ ಮುಂದೆ ಕೂರಿಸಬಹುದು. ಮುಗಿದ ಮೇಲೆ ಯಾವುದು ಕಷ್ಟವಾಯಿತೆಂದು ಅವನನ್ನೇ ಕೇಳಬೇಕು. ಎರಡೂ ತಪ್ಪನ್ನು ಹಿಡಿದವನು ಒಳ್ಳೆಯವನೇ. ಒಂದನ್ನು ಹಿಡಿದು, ಇನ್ನೊಂದು ಬಿಲ್ಲಿನ ಬಗ್ಗೆ ತನಗೆ ಅನುಮಾನವಿದೆಯೆಂದು ತಾನಾಗಿ ಹೇಳಿದವನನ್ನೂ ಬಿಡಬಾರದು. ಇಡೀ ದಿನ ಕೆಲಸ ಮಾಡಿಸಿ ನೋಡುವುದಾದರೆ ಆ ದಿನದ ಪಗಾರವನ್ನು ಸಂಜೆಯೇ ಕೊಟ್ಟು ಕಳಿಸತಕ್ಕದ್ದು.