ನೂರಕ್ಕೆ ನೂರಾ ಅರವತ್ತು

ಭಾರತದ ನೂರು ರೂಪಾಯಿಗೆ ನೇಪಾಳದ ನೂರಾ ಅರವತ್ತು. 1993ರಿಂದ ಈ ಲೆಕ್ಕ ಅಲುಗಾಡಿಲ್ಲ. ನೇಪಾಳ ರಾಷ್ಟ್ರ ಬ್ಯಾಂಕ್ ನಮ್ಮ ನೂರನ್ನು 160ಕ್ಕೆ ಕೊಂಡು 160 ರೂಪಾಯಿ 15 ಪೈಸೆಗೆ ಮಾರುತ್ತದೆ. ದರ ಇಷ್ಟು ನೇರವಾಗಿದ್ದರೂ ದುಡ್ಡು ಸೋರುವುದು ಹೇಗೆಂಬುದು, ಮೂಡಲಗಿ, ಹುಕ್ಕೇರಿ ಕಡೆಯವರ ಜೊತೆ ಪಶುಪತಿನಾಥನ ಯಾತ್ರೆಗೆ ಹೋದ ಈ ಅಂಕಣಕಾರನಿಗೆ ದಾರಿಯುದ್ದಕ್ಕೂ ಕಂಡಿತು.

ಮೊದಲ ತೊಡಕು ನೋಟಿನದು. 2018ರ ಡಿಸೆಂಬರಿನಲ್ಲಿ ನೇಪಾಳ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ಹೀಗಾಗಿ ಯಾತ್ರೆಯ ಸಿದ್ಧತೆ ಶುರುವಾದದ್ದೇ ನೂರರ ಕಟ್ಟುಗಳಿಗಾಗಿ ಬ್ಯಾಂಕಿಗೆ ಎಡತಾಕುವುದರಿಂದ. 2025ರ ಕೊನೆಗೆ ರಿಸರ್ವ್ ಬ್ಯಾಂಕ್ ನಿಯಮ ಸಡಿಲಿಸಿ, 25,000 ರೂಪಾಯಿವರೆಗೆ ದೊಡ್ಡ ನೋಟು ಒಯ್ಯಲು ಬಿಟ್ಟಿದೆ. ಗಡಿಯಾಚೆಯ ಅಂಗಡಿಯವನು ಅದನ್ನು ಮುಟ್ಟುತ್ತಾನೋ ಇಲ್ಲವೋ, ಅದು ಬೇರೆ ಮಾತು.

ಸುನೌಲಿ ಗಡಿ ದಾಟಿದರೆ ಬೆಲೆಗಳೇ ಎರಡೆರಡು. ರುದ್ರಾಕ್ಷಿ ಮಾಲೆಗೆ ‘ಐದುನೂರು’ ಎಂದರೆ ಯಾವ ಐದುನೂರು? ಭಾರತದ್ದಾದರೆ ‘ಐಸಿ’, ನೇಪಾಳದ್ದಾದರೆ ‘ಎನ್‌ಸಿ’. ಒಂದಕ್ಕೊಂದು ತಪ್ಪಿದರೆ 187 ರೂಪಾಯಿ 50 ಪೈಸೆ ಕೈಬಿಟ್ಟಂತೆ. “ಐಸಿನೋ ಎನ್‌ಸಿನೋ ಅಂತ ಮೊದಲ ಕೇಳ್ರಿ, ಆಮ್ಯಾಲ ಚೌಕಾಶಿ ಮಾಡ್ರಿ,” ಎಂದು ಹುಕ್ಕೇರಿಯ ಕಾಕಾ ಒಬ್ಬರು ಬಸ್ಸಿನಲ್ಲೇ ಎಲ್ಲರಿಗೂ ತಾಕೀತು ಮಾಡಿದ್ದರು. ಹೋಟೆಲಿನವರು ಲೆಕ್ಕ ಸುಲಭವೆಂದು ಒಂದೂವರೆಯಂತೆ ಹಿಡಿಯುವುದೂ ಉಂಟು. ಹತ್ತು ಸಾವಿರ ಹಾಗೆ ಖರ್ಚಾದರೆ ಸಾವಿರ ನೇಪಾಳಿ ರೂಪಾಯಿ, ಅಂದರೆ ನಮ್ಮ 625, ಸದ್ದಿಲ್ಲದೆ ಹೋಯಿತು. ಎಟಿಎಂನಲ್ಲಿ ಒಂದು ಸಲಕ್ಕೆ 500 ಎನ್‌ಸಿ ಶುಲ್ಕ ಬಿದ್ದರೆ, ಐದು ಸಾವಿರ ತೆಗೆದವನಿಗೆ ಹತ್ತರಲ್ಲೊಂದು ಪಾಲು ಖೋತಾ.

2024ರ ಮಾರ್ಚಿನಿಂದ ಅಲ್ಲಿನ ‘ಫೋನ್‌ಪೇ’ ಕ್ಯೂಆರ್‌ಗೆ ನಮ್ಮ ಯುಪಿಐನಿಂದಲೇ ಹಣ ಕೊಡಬಹುದು. (ಹೆಸರು ಕೇಳಿ ಮೋಸಹೋಗಬೇಡಿ, ಅದು ನೇಪಾಳದ ಬೇರೆಯೇ ಸಂಸ್ಥೆ.) ಪಶುಪತಿನಾಥನ ಗರ್ಭಗುಡಿಯ ಭಟ್ಟರು ಕರ್ನಾಟಕ ಮೂಲದವರು. ಅವರಿಗೆ ದಕ್ಷಿಣೆ ಮಾತ್ರ ನಮ್ಮವರು ನೋಟಿನಲ್ಲೇ ಇಟ್ಟರು.

ಹಣ ಕಳಿಸುವವರ ಕಥೆ ಬೇರೆ. ಗೋಕಾಕದಲ್ಲಿ ಚೈನೀಸ್ ಗಾಡಿ ನಡೆಸುವ ನೇಪಾಳದ ಹುಡುಗನೊಬ್ಬ ಮೊದಲೆಲ್ಲ ಊರಿಗೆ ಹೋಗುವವರ ಕೈಯಲ್ಲಿ ಕಟ್ಟು ಕೊಟ್ಟು ಕಳಿಸುತ್ತಿದ್ದ. ರಿಸರ್ವ್ ಬ್ಯಾಂಕ್ 2008ರಲ್ಲಿ ತಂದ ಭಾರತ–ನೇಪಾಳ ಹಣ ರವಾನೆ ಯೋಜನೆಯಲ್ಲಿ ನೆಫ್ಟ್ ಮೂಲಕವೇ ಕಳಿಸಬಹುದೆಂದು ಅವನಿಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. 50,000 ಇದ್ದ ಮಿತಿ 2021ರ ಅಕ್ಟೋಬರಿನಿಂದ ಎರಡು ಲಕ್ಷವಾಗಿದೆ. ಖಾತೆಯಿಲ್ಲದೆ ನಗದು ಕಟ್ಟುವವರಿಗೆ ಮಾತ್ರ ಹಳೆಯ 50,000ದ ಮಿತಿಯೇ, ಅದೂ ವರ್ಷಕ್ಕೆ ಹನ್ನೆರಡು ಸಲ.

ಆದರೆ ಆ ಹುಡುಗನನ್ನು ಕಾಡುವುದು ಈ ಮಿತಿಯಲ್ಲ, ಕತಾರ್‌ನಲ್ಲಿರುವ ಅಣ್ಣನ ಗಳಿಕೆ. ಕತಾರ್‌ನ ರಿಯಾಲ್ ಒಂದು ಡಾಲರಿಗೆ 3.64ರಂತೆ ಡಾಲರಿಗೆ ಕಟ್ಟಿಕೊಂಡಿದೆ, ನೇಪಾಳದ ರೂಪಾಯಿ ನಮ್ಮದಕ್ಕೆ. ನಮ್ಮ ರೂಪಾಯಿ ಡಾಲರಿನೆದುರು ಕುಸಿದರೆ ನೇಪಾಳದ್ದೂ ಜೊತೆಗೇ ಕುಸಿಯುತ್ತದೆ. ಡಾಲರ್ 60 ರೂಪಾಯಿ ಇದ್ದಾಗ ಒಂದು ರಿಯಾಲ್‌ಗೆ ಊರಲ್ಲಿ 26 ಎನ್‌ಸಿ ಚಿಲ್ಲರೆ ಸಿಗುತ್ತಿತ್ತು, 84 ತಲುಪಿದಾಗ 37ರ ಹತ್ತಿರ ಬಂತು. ಗೋಕಾಕದ ನೂರು ಮಾತ್ರ ಆಗಲೂ ನೂರಾ ಅರವತ್ತು, ಈಗಲೂ ಅಷ್ಟೇ. “ಇಲ್ಲಿ ಎಷ್ಟ ದುಡಿದ್ರೂ ರೇಟ್ ಏರಂಗಿಲ್ರಿ ಸರ,” ಎಂದವನು ಈಗ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾನೆ.