ಅನುದಾನವೆಂದರೆ ಪುಕ್ಕಟೆ ಹಣವೆ?



ಕಳೆದ ರವಿವಾರ ನಮ್ಮ ವಾಚನಾಲಯದಲ್ಲಿ ಪತ್ರಿಕೆ ಓದುತ್ತಿದ್ದಾಗ ಒಂದು ಸುದ್ದಿಯ ಮೇಲೆ ಮಾತು ಬೆಳೆಯಿತು. ಒಂದು ನಗರಪಾಲಿಕೆಯು ತನ್ನ ಎಲ್ಲೆಯೊಳಗಿನ ನಿಸರ್ಗೋದ್ಯಾನವನ್ನು ಸುಧಾರಿಸಲು ಸರಕಾರದ ಅನುದಾನ ಕೇಳಿದೆ ಎಂಬುದೇ ಆ ಸುದ್ದಿ. ಬೀದರ ಕಡೆಯ ಹಿರಿಯರೊಬ್ಬರು, “ಅನುದಾನ ಅಂದ್ರ ಪುಕ್ಕಟೆ ರೊಕ್ಕ ಏನ್ರಿ?” ಎಂದು ನನ್ನನ್ನು ಕೇಳಿದರು. ಮಗ್ಗುಲಲ್ಲಿದ್ದ ತರುಣನು, “ಅದು ನಮಗ್ಯಾಕ ಬೇಕ್ರಿ ಕಾಕಾ? ನಾವು ದುಡಿಲಿಕ್ಕೆ ಬಂದವರು” ಎಂದನು. ನಾನು ಗಿರಣಿಯಲ್ಲಿ ಲೆಕ್ಕ ಬರೆಯುವವನು, ಪಂಡಿತನಲ್ಲ. ಆದರೂ ಈ ಎರಡು ಮಾತುಗಳಿಗೆ ತಿಳಿದಷ್ಟು ಉತ್ತರ ಹೇಳುತ್ತೇನೆ.

ಅನುದಾನವೆಂದರೇನು?

ಸಾಲವನ್ನು ಬಡ್ಡಿಸಹಿತ ತಿರುಗಿ ಕೊಡಬೇಕು. ಅನುದಾನವನ್ನು ತಿರುಗಿ ಕೊಡಬೇಕಾಗಿಲ್ಲ. ಆದರೆ ಯಾವ ಕೆಲಸಕ್ಕೆಂದು ಪಡೆದರೋ ಆ ಕೆಲಸಕ್ಕೇ ವೆಚ್ಚ ಮಾಡಬೇಕು. ಸಾಮಾನ್ಯವಾಗಿ ಹಣವು ಕಂತುಗಳಲ್ಲಿ ಬರುತ್ತದೆ. ಮೊದಲ ಕಂತು ಹೇಗೆ ವೆಚ್ಚವಾಯಿತೆಂಬ ಬಳಕೆಯ ಪ್ರಮಾಣಪತ್ರವನ್ನು ಕೊಟ್ಟ ಮೇಲೆಯೇ ಮುಂದಿನ ಕಂತು. ಊರಿನ ಜಾತ್ರೆಗೆಂದು ಕೂಡಿಸಿದ ವಂತಿಗೆಯನ್ನು ಮನೆಯ ಮಾಳಿಗೆಗೆ ಹಾಕುವಂತಿಲ್ಲವಷ್ಟೆ, ಇದೂ ಹಾಗೆಯೇ.

ಒಂದು ನಿಜವಾದ ಉದಾಹರಣೆ

ಪುಣೆಯ ವಾರಜೆ ಎಂಬಲ್ಲಿ ಅರಣ್ಯ ಇಲಾಖೆಯ ಬೋಳುಗುಡ್ಡವೊಂದಿತ್ತು. ಅದರ ವಿಸ್ತಾರ 16.8 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 41 ಎಕರೆ 20 ಗುಂಟೆ. 2015ರಿಂದ ಇಲಾಖೆಯೂ ಸೇವಾಸಂಸ್ಥೆಯೂ ನಾಗರಿಕರೂ ಕೂಡಿ ಅದನ್ನು ಹಸಿರು ಮಾಡಿದರು. 2020ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದಂತೆ ಅಲ್ಲಿ 23 ಜಾತಿಯ ಸಸ್ಯಗಳೂ 29 ಜಾತಿಯ ಹಕ್ಕಿಗಳೂ 15 ಜಾತಿಯ ಚಿಟ್ಟೆಗಳೂ ಇದ್ದವು.

ಇದೇ ಮಾದರಿಯನ್ನು ಮುಂದಿಟ್ಟುಕೊಂಡು ಕೇಂದ್ರ ಸರಕಾರವು 2020ರ ಜೂನ್ 5ರಂದು ‘ನಗರ ವನ’ ಯೋಜನೆಯನ್ನು ಸಾರಿತು. ಐದು ವರ್ಷಗಳಲ್ಲಿ ದೇಶದಲ್ಲಿ 200 ನಗರ ವನಗಳಾಗಬೇಕೆಂಬುದು ಆಗಿನ ಸಂಕಲ್ಪ. ಮುಂದೆ ಆ ಸಂಖ್ಯೆಯನ್ನು ಹೆಚ್ಚಿಸಿದರು. ಈ ಯೋಜನೆಯಲ್ಲಿ ಹೆಕ್ಟೇರಿಗೆ 4 ಲಕ್ಷ ರೂಪಾಯಿಯಂತೆ ಅನುದಾನ ಗೊತ್ತುಮಾಡಿದರು. ವಾರಜೆಯಷ್ಟೇ ವಿಸ್ತಾರದ ಜಾಗವಾದರೆ 67 ಲಕ್ಷ 20 ಸಾವಿರ ರೂಪಾಯಿ ಆಯಿತು. ಜಾಗದ ನಕ್ಷೆ, ಕೆಲಸದ ಪಟ್ಟಿ, ಅಂದಾಜು ವೆಚ್ಚ, ಇಷ್ಟನ್ನೂ ಕೂಡಿಸಿ ರಾಜ್ಯದ ಮೂಲಕ ಕೇಂದ್ರಕ್ಕೆ ಬೇಡಿಕೆ ಹೋಗುತ್ತದೆ.

ಈ ಹಣ ಎಲ್ಲಿಂದ ಬಂತು?

ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ. ಗಣಿಗೋ ಅಣೆಕಟ್ಟಿಗೋ ಹೆದ್ದಾರಿಗೋ ಕಾಡಿನ ಭೂಮಿಯನ್ನು ಪಡೆಯುವವರು, ಹೋದ ಕಾಡಿಗೆ ಬದಲಾಗಿ ಹಣ ಕಟ್ಟಬೇಕೆಂಬ ನಿಯಮವಿದೆ. ಬೇರೆಡೆ ಗಿಡ ಬೆಳೆಸುವ ವೆಚ್ಚವನ್ನೂ ಆ ಕಾಡಿನ ಬೆಲೆಯನ್ನೂ ಅವರು ಕೊಡಬೇಕು. ಈ ಹಣಕ್ಕೆ ಪ್ರತ್ಯೇಕ ನಿಧಿಯಿರಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ಆಜ್ಞೆ ಮಾಡಿತು. 2016ರಲ್ಲಿ ಸಂಸತ್ತು ಇದಕ್ಕೆ ಕಾಯಿದೆ ಮಾಡಿ, ನೂರಕ್ಕೆ 90 ಪಾಲು ರಾಜ್ಯಗಳಿಗೆ, 10 ಪಾಲು ಕೇಂದ್ರಕ್ಕೆ ಎಂದು ಗೊತ್ತುಪಡಿಸಿತು. 2019ರ ಆಗಸ್ಟಿನಲ್ಲಿ ರಾಜ್ಯಗಳಿಗೆ ಹಂಚಿದ ಮೊತ್ತವೇ 47,436 ಕೋಟಿ ರೂಪಾಯಿ. ನಗರ ವನದ ಹಣವೂ ಈ ನಿಧಿಯಿಂದಲೇ ಬರುತ್ತದೆ.

ಆದುದರಿಂದ ಇದು ಪುಕ್ಕಟೆ ಹಣವಲ್ಲ. ಎಲ್ಲಿಯೋ ಒಂದು ಕಾಡು ಹೋದುದಕ್ಕೆ ಸಿಕ್ಕ ಬೆಲೆ ಇದು. ನಮ್ಮ ಬಳ್ಳಾರಿ ಸೀಮೆಯಲ್ಲಿ ಗಣಿಗೆ ಕಾಡು ಹೋದುದನ್ನು ಅಲ್ಲಿಂದ ಬಂದವರು ಬಲ್ಲರು. ಹಳೆಯ ಕಾಡಿಗೆ 41 ಎಕರೆಯ ಉದ್ಯಾನವು ಸಮನಾಗದು. ಆ ಬೆಲೆಯಲ್ಲಿ ಬರಿಯ ಕಮಾನು, ಕಾರಂಜಿ, ಸಿಮೆಂಟಿನ ಪ್ರಾಣಿಗಳನ್ನು ಕಟ್ಟಿದರೆ ಎರಡು ಸಲ ನಷ್ಟವಾದಂತೆ.

ಅನುದಾನ ಮುಗಿದ ಮೇಲೆ

ಬೇಲಿ ಹಾಕುವುದು, ಗುಂಡಿ ತೋಡುವುದು, ಸಸಿ ನೆಡುವುದು ಕೆಲವು ತಿಂಗಳ ಕೆಲಸ. ಸಸಿಗೆ ಮೊದಲ ಎರಡು ಮೂರು ಬೇಸಿಗೆಗಳಲ್ಲಿ ನೀರು ಬೇಕು, ಕಾವಲುಗಾರನಿಗೆ ತಿಂಗಳು ತಿಂಗಳು ಸಂಬಳ ಬೇಕು. ಅನುದಾನಕ್ಕೆ ಕೊನೆಯ ದಿನವುಂಟು, ಗಿಡದ ಬಾಯಾರಿಕೆಗೆ ಇಲ್ಲ. ಆಮೇಲಿನ ವೆಚ್ಚವನ್ನು ಪಾಲಿಕೆಯು ತನ್ನ ಮುಂಗಡಪತ್ರದಲ್ಲಿ ತೆಗೆದಿಡದಿದ್ದರೆ ಫಲಕ ಉಳಿಯುತ್ತದೆ, ಗಿಡ ಒಣಗುತ್ತದೆ.

ಈ ಬಗೆಗೆ ಅಮೆರಿಕದ ಒಂದು ಪದ್ಧತಿಯನ್ನು ತಿಳಿಯುವುದು ಒಳ್ಳೆಯದು. ಅಲ್ಲಿ 1964ರ ಕಾಯಿದೆಯಿಂದ ನೆಲ ಮತ್ತು ನೀರಿನ ಸಂರಕ್ಷಣೆಗೆ ಒಂದು ನಿಧಿಯಾಯಿತು. ಅದರಿಂದ ಉದ್ಯಾನಕ್ಕೆ ನೆರವು ಬೇಡುವ ಊರು ಸಾಮಾನ್ಯವಾಗಿ ಅರ್ಧ ವೆಚ್ಚವನ್ನು ಬೇರೆಡೆಯಿಂದ ಕೂಡಿಸಬೇಕು. ನೆರವು ಪಡೆದ ಉದ್ಯಾನವನ್ನು ಮುಂದೆ ಬೇರೆ ಕೆಲಸಕ್ಕೆ ಬಳಸಬೇಕಾದರೆ ಸರಕಾರದ ಒಪ್ಪಿಗೆ ಪಡೆದು, ಅಷ್ಟೇ ಬೆಲೆಯ ಬದಲಿ ಜಾಗವನ್ನು ಜನರಿಗೆ ಕೊಡಬೇಕು. ಹಣದ ಜೊತೆಗೆ ಕಾಪಾಡುವ ಹೊಣೆಯನ್ನೂ ಕಟ್ಟಿದ್ದಾರೆಂಬುದೇ ಇದರ ಸಾರ.

ನಮ್ಮ ಪಾಲು

ಇನ್ನು ತರುಣನ ಮಾತು. ಬಂಗಲೆಯಿದ್ದವನಿಗೆ ಅಂಗಳವಿದೆ. ಹತ್ತು ಅಡಿಯ ಖೋಲಿಯಲ್ಲಿ ಐದು ಮಂದಿ ಇರುವ ನಮಗೆ ಗಾಳಿಯಾಡುವ ಜಾಗವೆಂದರೆ ಊರಿನ ಉದ್ಯಾನ ಒಂದೇ. ಅದು ಹೋದರೆ ಮೊದಲು ಉಸಿರು ಕಟ್ಟುವುದು ನಮ್ಮ ಮಕ್ಕಳಿಗೆ. ಈ ಊರಿನಲ್ಲಿ ಕೊಳ್ಳುವ ಸಾಬೂನು, ಚಪ್ಪಲಿಯ ಮೇಲೂ ನಾವು ತೆರಿಗೆ ಕೊಡುತ್ತೇವೆ. ದುಡಿಯಲಿಕ್ಕೆ ಬಂದವರಿಗೆ ಕೇಳುವ ಹಕ್ಕಿಲ್ಲವೆಂದು ಯಾವ ಕಾಯಿದೆಯೂ ಹೇಳುವುದಿಲ್ಲ.

ನಿಮ್ಮ ವಸತಿಯ ಹತ್ತಿರದ ಉದ್ಯಾನಕ್ಕೆ ಅನುದಾನ ಬರುವ ಸುದ್ದಿ ಕಂಡರೆ ಮೂರು ಪ್ರಶ್ನೆಗಳನ್ನು ನೆನಪಿಡಿರಿ. ಜಾಗ ಯಾರದು, ಅದನ್ನು ಮುಂದೆ ಬೇರೆ ಕೆಲಸಕ್ಕೆ ತಿರುಗಿಸಬಹುದೆ? ಹಣದಲ್ಲಿ ಗಿಡಕ್ಕೆಷ್ಟು, ಸಿಮೆಂಟಿಗೆಷ್ಟು? ಅನುದಾನ ಮುಗಿದ ಮೇಲೆ ನೀರು ಹಾಕುವವರು ಯಾರು?

ಈ ಪ್ರಶ್ನೆಗಳನ್ನು 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಬರೆದು ಕೇಳಬಹುದು. ಕೇಂದ್ರದ ಕಚೇರಿಗಾದರೂ ಮಹಾರಾಷ್ಟ್ರದ ಕಚೇರಿಗಾದರೂ ಅರ್ಜಿಯ ಶುಲ್ಕ 10 ರೂಪಾಯಿ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಮರಾಠಿಯಲ್ಲೋ ಹಿಂದಿಯಲ್ಲೋ ಬರೆಯಲು ಅಳುಕಿದರೆ ವಾಚನಾಲಯಕ್ಕೆ ಬನ್ನಿರಿ, ಕೂಡಿ ಬರೆಯೋಣ.

ಹಿರಿಯರಿಗೆ ಇಷ್ಟನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಅದು ಕಾಡಿನ ಋಣ ಅನ್ರಿ” ಎಂದರು. ನನ್ನ ಇಡೀ ಪಾಠಕ್ಕಿಂತ ಅವರ ಆ ಮಾತೇ ಸರಿಯಾಗಿದೆ. ಋಣವೆಂದ ಮೇಲೆ ತೀರಿಸುವ ಹೊಣೆಯಲ್ಲಿ ನಮ್ಮ ಪಾಲೂ ಇದೆ.